ಟ್ರೆಲಾನಿ ಮೇಡಂ ನುಡಿದ ಎರಡು ನಿಜ

ಪ್ರಶ್ನೆ: ಬೇಸಿಗೆ ರಜೆಯಲ್ಲಿ ನಾನೂ ಒಂಬತ್ತನೇ ಕ್ಲಾಸಿನ ಮಗಳೂ ಸೇರಿ ಹ್ಯಾರಿ ಪಾಟರ್ ಸರಣಿಯ ಏಳೂ ಪುಸ್ತಕ ಓದಿ ಮುಗಿಸಿದೆವು. ಮಗಳಿಗೆ ಒಂದು ಬೇಜಾರು ಉಳಿದುಬಿಟ್ಟಿದೆ. "ಹ್ಯಾರಿ ಗೆಲ್ತಾನೆ ಅಂತ ಅವನು ಹುಟ್ಟೋಕೆ ಮೊದಲೇ ಆ ಟ್ರೆಲಾನಿ ಹೇಳಿಬಿಟ್ಟಿದ್ದಾಳೆ. ಮತ್ತೆ ಅವನು ಮಾಡಿದ್ದೇನು?" ಅಂತ ಕೇಳುತ್ತಾಳೆ. ನನ್ನ ಗೊಂದಲ ಬೇರೆ. ಟ್ರೆಲಾನಿ ಅಂದರೆ ಎಲ್ಲರೂ ನಗುವ, ಸದಾ ತಪ್ಪು ಭವಿಷ್ಯ ಹೇಳುವ ಟೀಚರು. ಅಂಥವಳ ಬಾಯಲ್ಲೇ ಇಡೀ ಕಥೆ ನಡೆಸುವ ಮಾತು ಯಾಕೆ? ಅವಳು ಡೋಂಗಿಯೋ, ನಿಜವೋ? ಕೇಳುವುದಕ್ಕೆ ಸ್ವಂತ ಕಾರಣವೂ ಇದೆ. ನಾನು ಮಕ್ಕಳಿಗಾಗಿ ಮೂರು ಭಾಗದ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಕಣಿ ಹೇಳುವ ಒಬ್ಬ ಅಜ್ಜಿ ಇದ್ದಾಳೆ. ಮೊದಲ ಅಧ್ಯಾಯದಲ್ಲೇ ಅವಳು ಹುಡುಗನಿಗೆ "ಈ ಕೋಟೆ ಉಳಿಸುವವನು ನೀನೇ" ಅನ್ನುತ್ತಾಳೆ. ಈಗ ಓದಿದರೆ ಮುಂದೇನು ಅನ್ನುವ ಕುತೂಹಲ ನನಗೇ ಉಳಿದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಮಗಳ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅದು ಬಿಡಿಸಿಕೊಂಡರೆ ನಿಮ್ಮ ಕೋಟೆಯ ಕಥೆಗೂ ದಾರಿ ಕಾಣುತ್ತದೆ. ಮಕ್ಕಳ ಮತ್ತು ಹರೆಯದವರ ಕಾದಂಬರಿಗಳ ಹಸ್ತಪ್ರತಿ ತಿದ್ದುವುದು ಬಹಳ ವರ್ಷಗಳಿಂದ ನನ್ನ ಕೆಲಸ. ಭವಿಷ್ಯ ಹೇಳುವ ಪಾತ್ರ ಇಟ್ಟುಕೊಂಡು ಬರೆದ ಹೆಚ್ಚುಕಮ್ಮಿ ಎಲ್ಲರಿಗೂ ಇದೇ ಭಯ ಇರುತ್ತದೆ. ಮೊದಲೇ ಹೇಳಿಬಿಟ್ಟರೆ ಮುಂದೆ ಓದಿಸುವುದು ಹೇಗೆ? ಹೇಳದೇ ಬಿಟ್ಟರೆ ಆ ಪಾತ್ರ ಯಾಕೆ?

ಮೊದಲು ಒಂದು ತಪ್ಪು ತಿಳುವಳಿಕೆ. ಹ್ಯಾರಿ ಗೆಲ್ಲುತ್ತಾನೆ ಎಂದು ಟ್ರೆಲಾನಿ ಎಲ್ಲೂ ಹೇಳಿಲ್ಲ. ಐದನೇ ಪುಸ್ತಕದ ಕೊನೆಗೆ ಶಾಲೆಯ ಮುಖ್ಯೋಪಾಧ್ಯಾಯ ಡಂಬಲ್‌ಡೋರ್ ಆ ಮಾತನ್ನು ಹ್ಯಾರಿಗೆ ಪೂರ್ತಿ ಕೇಳಿಸುತ್ತಾರಲ್ಲ, ಆ ಪುಟವನ್ನು ಮಗಳ ಜೊತೆ ಇನ್ನೊಮ್ಮೆ ಓದಿ. ಅದರ ಸಾರ ಇಷ್ಟೇ. ಕತ್ತಲ ದೊರೆಯನ್ನು, ಅಂದರೆ ದುಷ್ಟ ಮಾಂತ್ರಿಕ ವೊಲ್ಡೆಮಾರ್ಟ್‌ನನ್ನು, ಸೋಲಿಸುವ ಶಕ್ತಿ ಇರುವವನು ಬರುತ್ತಿದ್ದಾನೆ. ಅವನ ಅಪ್ಪ ಅಮ್ಮ ಮೂರು ಸಲ ಆ ದೊರೆಗೆ ಎದುರು ನಿಂತವರು. ಏಳನೇ ತಿಂಗಳು ಮುಗಿಯುವಾಗ ಅವನು ಹುಟ್ಟುತ್ತಾನೆ. ದೊರೆಯೇ ಅವನನ್ನು ತನಗೆ ಸರಿಸಮ ಎಂದು ಗುರುತು ಹಾಕುತ್ತಾನೆ. ದೊರೆಗೆ ತಿಳಿಯದ ಒಂದು ಬಲ ಅವನಲ್ಲಿರುತ್ತದೆ. ಇಬ್ಬರಲ್ಲಿ ಒಬ್ಬ ಇನ್ನೊಬ್ಬನ ಕೈಯಲ್ಲಿ ಸಾಯಬೇಕು. ಯಾರು ಯಾರ ಕೈಯಲ್ಲಿ? ಅದನ್ನು ಹೇಳಿಲ್ಲ. ಹುಡುಗನ ಹೆಸರನ್ನೂ ಹೇಳಿಲ್ಲ.

ಹೆಸರಿಲ್ಲದ್ದು ಸಣ್ಣ ವಿಷಯ ಅಲ್ಲ. ಈ ವಿವರಕ್ಕೆ ಇಬ್ಬರು ಮಕ್ಕಳು ಹೊಂದುತ್ತಾರೆ. ಹ್ಯಾರಿಯ ಸಹಪಾಠಿ ನೆವಿಲ್ ಹುಟ್ಟಿದ್ದು ಜುಲೈ 30ಕ್ಕೆ, ಹ್ಯಾರಿ 31ಕ್ಕೆ. ಇಬ್ಬರ ಅಪ್ಪ ಅಮ್ಮಂದಿರೂ ಮೂರು ಸಲ ಎದುರು ನಿಂತವರೇ. ಅದಕ್ಕೇ ಮಾಂತ್ರಿಕರ ಸರ್ಕಾರದ ಸಚಿವಾಲಯದ ನೆಲಮಾಳಿಗೆಯಲ್ಲಿ ಈ ಭವಿಷ್ಯವಾಣಿ ಇಟ್ಟ ಗಾಜಿನ ಗೋಳದ ಚೀಟಿಯಲ್ಲಿ ಹ್ಯಾರಿಯ ಹೆಸರಿಗೆ ಮೊದಲು ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ. ಆ ಪ್ರಶ್ನೆಗೆ ಉತ್ತರ ಕೊಟ್ಟವನು ಯಾರು? ವೊಲ್ಡೆಮಾರ್ಟೇ. ಅವನು ಹೋಗಿ ಒಂದು ಮನೆಯ ಬಾಗಿಲು ಮುರಿದ. ಶುದ್ಧ ಮಾಂತ್ರಿಕ ವಂಶದ ನೆವಿಲ್‌ನನ್ನು ಬಿಟ್ಟ. ತನ್ನ ಹಾಗೇ ಮಿಶ್ರ ರಕ್ತದ ಹ್ಯಾರಿಯನ್ನು ಹುಡುಕಿಕೊಂಡು ಹೋದ. ಆ ರಾತ್ರಿ ಹ್ಯಾರಿಯ ಹಣೆಗೆ ಬಿದ್ದ ಗಾಯವೇ 'ಸರಿಸಮ ಎಂಬ ಗುರುತು'.

ನಮಗೆ ಈ ಹೆಣಿಗೆ ಹೊಸದಲ್ಲ. ತಂಗಿಯ ಮದುವೆಯ ರಥವನ್ನು ಖುಷಿಯಿಂದ ಹೊಡೆಯುತ್ತಿದ್ದ ಕಂಸ, ಅವಳ ಎಂಟನೇ ಮಗುವಿನಿಂದ ನಿನಗೆ ಸಾವು ಎಂಬ ಅಶರೀರವಾಣಿ ಕೇಳಿದ. ಆ ಕ್ಷಣದಿಂದ ಅವನು ಮಾಡಿದ್ದೆಲ್ಲ ಭಯದಲ್ಲಿ. ಸೆರೆಮನೆ, ಹಸುಗೂಸುಗಳ ಕೊಲೆ. ಆ ಭಯವೇ ಎಂಟನೇ ಮಗುವನ್ನು ಅವನ ಕೈಗೆ ಸಿಗದ ಗೋಕುಲಕ್ಕೆ ಕಳಿಸಿತು. ಆದರೆ ಒಂದು ವ್ಯತ್ಯಾಸ ಇದೆ. ಕಂಸನಿಗೆ ಕೇಳಿಸಿದ್ದು ದೈವದ ನುಡಿ, ಅದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ವೊಲ್ಡೆಮಾರ್ಟ್‌ಗೆ ತಲುಪಿದ್ದು ಒಂದು ಹಳೇ ಹೋಟೆಲಿನ ಮಹಡಿ ಕೋಣೆಯಲ್ಲಿ ಆಡಿದ ಮಾತು. ಅದೂ ಅರ್ಧ.

ಆರನೇ ಪುಸ್ತಕದಲ್ಲಿ ಡಂಬಲ್‌ಡೋರ್ ಇದನ್ನೇ ಹ್ಯಾರಿಗೆ ಒತ್ತಿ ಒತ್ತಿ ಹೇಳುತ್ತಾರೆ. ಆ ನೆಲಮಾಳಿಗೆಯಲ್ಲಿ ಇಟ್ಟ ಭವಿಷ್ಯವೆಲ್ಲ ನಿಜ ಆಗಿಲ್ಲ. ವೊಲ್ಡೆಮಾರ್ಟ್ ಇದನ್ನು ಕೇಳಿಸಿಕೊಳ್ಳದೇ ಇದ್ದಿದ್ದರೆ ಇದಕ್ಕೂ ಅರ್ಥ ಇರುತ್ತಿರಲಿಲ್ಲ. ಅವನು ನಂಬಿ ನಡೆದ, ಅದಕ್ಕೇ ಇದು ನಿಜ ಆಗುತ್ತಿದೆ. ಹ್ಯಾರಿಗೆ ಆ ಮಾತು ಅರ್ಥ ಆಗುವ ಜಾಗ ನನಗೆ ಇಡೀ ಸರಣಿಯಲ್ಲೇ ತುಂಬಾ ಇಷ್ಟ. ಸಾವಿನ ಕಾಳಗಕ್ಕೆ ಯಾರೋ ಎಳೆದುಕೊಂಡು ಹೋಗುವುದಕ್ಕೂ ತಾನೇ ತಲೆ ಎತ್ತಿ ನಡೆದು ಹೋಗುವುದಕ್ಕೂ ಇರುವ ದೂರ ಅವನಿಗೆ ಅಲ್ಲಿ ಕಾಣುತ್ತದೆ. ಕೊನೆಯ ಪುಸ್ತಕದಲ್ಲಿ ಅವನು ಕಾಡಿನೊಳಗೆ ಒಬ್ಬನೇ ನಡೆದು ಹೋಗುತ್ತಾನಲ್ಲ, ಸಾಯುತ್ತೇನೆ ಎಂದು ಗೊತ್ತಿದ್ದೂ? ಆ ನಡಿಗೆಯನ್ನು ಯಾವ ಭವಿಷ್ಯವೂ ಅವನಿಂದ ಮಾಡಿಸಲಿಲ್ಲ. ಮಗಳಿಗೆ ಆ ಅಧ್ಯಾಯ ತೋರಿಸಿ. ಅವನು ಮಾಡಿದ್ದು ಅದು.

ಈಗ ಟ್ರೆಲಾನಿ ಡೋಂಗಿಯೋ ನಿಜವೋ ಎಂಬ ಪ್ರಶ್ನೆ. ಓದುಗರಲ್ಲಿ ಎರಡು ಪಂಗಡ ಇದೆ. ಪೂರಾ ಬುರುಡೆ, ಎರಡು ಸಲ ಮಾತ್ರ ಏನೋ ಮೈಮೇಲೆ ಬಂತು ಅನ್ನುವವರು ಒಂದು ಕಡೆ. ಆಕೆ ಹೇಳಿದ್ದೆಲ್ಲ ನಿಜವೇ ಆಗಿದೆ, ನಾವೇ ಗಮನಿಸಲಿಲ್ಲ ಅನ್ನುವವರು ಇನ್ನೊಂದು ಕಡೆ. ನನಗೆ ಎರಡೂ ಒಪ್ಪಿಗೆ ಇಲ್ಲ.

1999ರ ಮೂರನೇ ಪುಸ್ತಕದಲ್ಲಿ ಆಕೆ ಮೊದಲ ಸಲ ಬರುತ್ತಾಳೆ. ಗೋಪುರದ ತುದಿಯ ಕೋಣೆ, ಕಣ್ಣು ದೊಡ್ಡದಾಗಿ ಕಾಣಿಸುವ ಕನ್ನಡಕ, ಶಾಲು, ಮಣಿಸರ, ಉಸಿರು ಕಟ್ಟಿಸುವ ಧೂಪದ ವಾಸನೆ. ಮೊದಲ ಪಾಠದಲ್ಲೇ ನೆವಿಲ್‌ಗೆ, ಮೊದಲ ಕಪ್ಪು ಒಡೆದ ಮೇಲೆ ನೀಲಿ ಚಿತ್ರ ಇರುವ ಕಪ್ಪು ತಗೊಳ್ಳಪ್ಪ ಅನ್ನುತ್ತಾಳೆ. ಕಪ್ಪು ಒಡೆಯುತ್ತದೆ. ಇದರಲ್ಲಿ ದಿವ್ಯದೃಷ್ಟಿ ಏನೂ ಬೇಕಿಲ್ಲ. ಹೆದರಿ ಕೈ ನಡುಗುವ ಹುಡುಗನಿಗೆ ಹಾಗೆ ಹೇಳಿದರೆ ಕಪ್ಪು ಬಿದ್ದೇ ಬೀಳುತ್ತದೆ. ಬೆಳಗ್ಗೆ ಬುಡುಬುಡಿಕೆಯವನು ಅಂಗಳದಲ್ಲಿ ನಿಂತು ಮನೆಯವರ ಮುಖ ನೋಡಿ ನುಡಿಯುವ ಹಾಗೆ, ಇದು ಮನುಷ್ಯರನ್ನು ಓದುವ ಕಲೆ. ಲ್ಯಾವೆಂಡರ್ ಎಂಬ ವಿದ್ಯಾರ್ಥಿನಿಗೆ, ನೀನು ಹೆದರುತ್ತಿರುವ ಸಂಗತಿ ಅಕ್ಟೋಬರ್ 16ಕ್ಕೆ ಆಗುತ್ತದೆ ಅನ್ನುತ್ತಾಳೆ. ಆ ದಿನ ಅವಳ ಮೊಲ ಸತ್ತ ಸುದ್ದಿ ಬರುತ್ತದೆ. ಹ್ಯಾರಿಯ ಗೆಳತಿ ಹರ್ಮೈನಿ ಎತ್ತುವ ತಕರಾರು ಸರಿಯಾಗಿದೆ. ಅದು ಇನ್ನೂ ಮರಿ. ಅದು ಸತ್ತೀತು ಎಂದು ಲ್ಯಾವೆಂಡರ್ ಹೆದರಿಯೇ ಇರಲಿಲ್ಲ. ಸತ್ತದ್ದೂ ಆ ದಿನವಲ್ಲ. ಹೇಳಿದವರಿಗಿಂತ ಕೇಳಿದವರೇ ಮಾತನ್ನು ಘಟನೆಗೆ ಹೊಂದಿಸಿಕೊಳ್ಳುತ್ತಾರೆ. ಮೈಲಾರದ ಕಾರ್ಣಿಕ ಕೇಳಿದವರಿಗೆ ಇದು ಚೆನ್ನಾಗಿ ಗೊತ್ತು. ಗೊರವಯ್ಯ ಬಿಲ್ಲೇರಿ ನುಡಿಯುವುದು ಒಂದೇ ಸಾಲು. ರೈತರು ಅದರಲ್ಲಿ ಮಳೆ ಬೆಳೆ ನೋಡುತ್ತಾರೆ, ರಾಜಕೀಯದವರು ಕುರ್ಚಿ ನೋಡುತ್ತಾರೆ.

ಹಾಗಂತ ಉಳಿದದ್ದೆಲ್ಲ ಬುರುಡೆಯೂ ಅಲ್ಲ. ನಾಲ್ಕನೇ ಪುಸ್ತಕದಲ್ಲಿ ಒಂದು ಪುಟ್ಟ ತಮಾಷೆಯ ಸನ್ನಿವೇಶ ಬರುತ್ತದೆ. ಹ್ಯಾರಿಯ ಕಪ್ಪು ಕೂದಲು, ಚಿಕ್ಕಂದಿನ ದುಃಖ ಎಲ್ಲ ನೋಡಿ, ನೀನು ನಡುಚಳಿಗಾಲದಲ್ಲಿ ಹುಟ್ಟಿದವನು ಅಲ್ವಾ ಅಂತ ಟ್ರೆಲಾನಿ ಕೇಳುತ್ತಾಳೆ. ಇಲ್ಲ, ಜುಲೈನಲ್ಲಿ ಅನ್ನುತ್ತಾನೆ ಹ್ಯಾರಿ. ಪಕ್ಕದಲ್ಲಿ ಗೆಳೆಯ ರಾನ್‌ಗೆ ನಗು ತಡೆಯಲು ಆಗುವುದಿಲ್ಲ. ನಾವೂ ನಕ್ಕು ಪುಟ ತಿರುಗಿಸುತ್ತೇವೆ. ಆಮೇಲೆ ಆರನೇ ಪುಸ್ತಕದಲ್ಲಿ ಗೊತ್ತಾಗುತ್ತದೆ, ವೊಲ್ಡೆಮಾರ್ಟ್ ಹುಟ್ಟಿದ್ದು ಡಿಸೆಂಬರ್ 31ರ ರಾತ್ರಿ. ಏಳನೆಯದರಲ್ಲಿ ಗೊತ್ತಾಗುತ್ತದೆ, ಅವನ ಆತ್ಮದ ಒಂದು ಚೂರು ಹ್ಯಾರಿಯೊಳಗೆ ಕೂತಿದೆ. ಹಾಗಾದರೆ ಆಕೆ ಆವತ್ತು ಯಾರನ್ನು ನೋಡುತ್ತಿದ್ದಳು? ಪುಸ್ತಕ ಇದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಆದರೆ ನನಗೆ ಇದು ಸುಮ್ನೆ ಬಿದ್ದ ಮಾತು ಅನ್ನಿಸುವುದಿಲ್ಲ.

ಆರನೇ ಪುಸ್ತಕದಲ್ಲಿ ಇನ್ನೊಂದಿದೆ. ಕಾರಿಡಾರಿನಲ್ಲಿ ಆಕೆ ಇಸ್ಪೀಟ್ ಎಲೆ ತಿರುವುತ್ತಾ ಬರುತ್ತಾಳೆ. ತನ್ನನ್ನು ಇಷ್ಟಪಡದ ಒಬ್ಬ ಕಪ್ಪುಗೂದಲ ಹುಡುಗ ಹತ್ತಿರದಲ್ಲಿದ್ದಾನೆ ಅನ್ನುತ್ತದೆ ಎಲೆ. ಹಾಗಿರಲಾರದು ಎಂದುಕೊಂಡು ಆಕೆ ಮುಂದೆ ಹೋಗುತ್ತಾಳೆ. ಹ್ಯಾರಿ ಅಲ್ಲೇ ಮರೆಯಲ್ಲಿ ನಿಂತಿರುತ್ತಾನೆ. ಪುಸ್ತಕದ ಕೊನೆಯ ಹೊತ್ತಿಗೆ, ಸಿಡಿಲು ಬಡಿದ ಗೋಪುರದ ಎಲೆ ಮತ್ತೆ ಮತ್ತೆ ಬರುತ್ತಿದೆ, ದೊಡ್ಡ ಅನಾಹುತ ಹತ್ತಿರ ಬಂದಿದೆ ಎಂದು ಹ್ಯಾರಿಯ ಹತ್ತಿರ ಅಲವತ್ತುಕೊಳ್ಳುತ್ತಾಳೆ. ಡಂಬಲ್‌ಡೋರ್ ಕೂಡ ಕೇಳುತ್ತಿಲ್ಲ ಎಂದು ಬೇಸರ ಮಾಡಿಕೊಳ್ಳುತ್ತಾಳೆ. ಅದೇ ರಾತ್ರಿ ಗೋಪುರದ ಮೇಲೆ ಡಂಬಲ್‌ಡೋರ್ ಸಾಯುತ್ತಾರೆ.

ಆಕೆಯ ಮುತ್ತಜ್ಜಿಯ ಅಮ್ಮನ ಹೆಸರು ಕಸಾಂಡ್ರಾ, ದೊಡ್ಡ ಹೆಸರಿನ ಕಾಲಜ್ಞಾನಿ. ಗ್ರೀಕರ ಕಥೆಯ ಕಸಾಂಡ್ರಾ ಟ್ರಾಯ್ ನಗರದ ರಾಜಕುಮಾರಿ. ಅಪೊಲೋ ದೇವರು ಅವಳಿಗೆ ಮುಂದಿನದ್ದು ಕಾಣುವ ವರ ಕೊಟ್ಟ, ಆಮೇಲೆ ಸಿಟ್ಟಾಗಿ ಯಾರೂ ನಂಬದ ಹಾಗೆ ಶಾಪವನ್ನೂ ಕೊಟ್ಟ. ಲೇಖಕಿ ಆ ಹೆಸರನ್ನು ಸುಮ್ಮನೆ ಆರಿಸಿಲ್ಲ. ಹಾಗಾಗಿ ನಾನು ಟ್ರೆಲಾನಿಯನ್ನು ಓದುವುದು ಹೀಗೆ: ಆಕೆಗೆ ಏನೋ ಕಾಣುತ್ತದೆ, ಮಸುಕು ಮಸುಕಾಗಿ. ಕಂಡದ್ದರ ಮೇಲೆ ನಂಬಿಕೆ ಸಾಲದು. ದೊಡ್ಡ ಮನೆತನದ ಹೆಸರು ಉಳಿಸಬೇಕು, ಕೆಲಸವೂ ಉಳಿಯಬೇಕು. ಅದಕ್ಕೆ ಕೇಳುವವರು ಬೆಚ್ಚುವ ಮಾತು ಸೇರಿಸುತ್ತಾಳೆ. ವರ್ಷಕ್ಕೊಬ್ಬ ವಿದ್ಯಾರ್ಥಿಯ ಸಾವು ನುಡಿಯುತ್ತಾಳೆ, ಅವರಲ್ಲಿ ಯಾರೂ ಇನ್ನೂ ಸತ್ತಿಲ್ಲ ಎಂದು ಇನ್ನೊಬ್ಬ ಟೀಚರ್ ಮೆಕ್‌ಗೊನಗಲ್ ಮಕ್ಕಳಿಗೆ ಧೈರ್ಯ ಹೇಳಬೇಕಾಗುತ್ತದೆ.

ಇಷ್ಟೆಲ್ಲದರ ನಡುವೆ ಆ ಎರಡು ನಿಜ. ಅವು ಬೇರೆಯೇ ಜಾತಿಯವು. ದನಿ ಒರಟಾಗುತ್ತದೆ, ಮೈ ಸೆಟೆಯುತ್ತದೆ. ಮುಗಿದ ಮೇಲೆ ಆಕೆಗೆ ಒಂದಕ್ಷರವೂ ನೆನಪಿರುವುದಿಲ್ಲ. ಒಂದು, ಮೇಲೆ ಹೇಳಿದ ಭವಿಷ್ಯ. ಎರಡನೆಯದು ಮೂರನೇ ಪುಸ್ತಕದಲ್ಲಿ ಪರೀಕ್ಷೆ ಮುಗಿದ ಮೇಲೆ ಹ್ಯಾರಿಯ ಎದುರೇ ಆಗುತ್ತದೆ. ಹನ್ನೆರಡು ವರ್ಷ ಬಂಧನದಲ್ಲಿದ್ದ ಸೇವಕ ಈ ರಾತ್ರಿ ತಪ್ಪಿಸಿಕೊಂಡು ದೊರೆಯ ಹತ್ತಿರ ಹೋಗುತ್ತಾನೆ, ಅವನ ನೆರವಿನಿಂದ ದೊರೆ ಮತ್ತೆ ಏಳುತ್ತಾನೆ ಅನ್ನುತ್ತಾಳೆ. ಹನ್ನೆರಡು ವರ್ಷ ಜೈಲಿನಲ್ಲಿದ್ದವನು ಹ್ಯಾರಿಯ ಗಾಡ್‌ಫಾದರ್ ಸಿರಿಯಸ್, ಹಾಗಾಗಿ ನಾವೆಲ್ಲ ಅವನನ್ನೇ ನೆನೆಯುತ್ತೇವೆ. ಆದರೆ ಹನ್ನೆರಡು ವರ್ಷ ಇಲಿಯ ರೂಪದಲ್ಲಿ ಬದುಕಿದ್ದ, ವೊಲ್ಡೆಮಾರ್ಟ್ ಕಡೆಯ ಪೆಟಿಗ್ರೂ ಆ ಸೇವಕ. ಹ್ಯಾರಿ ಹೆದರಿ, ಈಗ ಏನಂದಿರಿ ಎಂದು ಕೇಳಿದರೆ ಆಕೆ ನಂಬುವುದಿಲ್ಲ. ಅಂಥ ಅತಿರೇಕದ ಮಾತು ನಾನು ಆಡುವುದೇ ಇಲ್ಲ ಅನ್ನುತ್ತಾಳೆ. ಯೋಚನೆ ಮಾಡಿ. ಬದುಕಿನುದ್ದಕ್ಕೂ ಯಾರಾದರೂ ನನ್ನನ್ನು ನಂಬಲಿ ಎಂದು ಹಂಬಲಿಸಿದ ಹೆಂಗಸು. ಆಕೆಯ ನಿಜವಾದ ನುಡಿ ಇಡೀ ಲೋಕವನ್ನು ಅಲ್ಲಾಡಿಸಿದೆ. ಅದು ಆಕೆಗೇ ಗೊತ್ತಿಲ್ಲ!

ಇಲ್ಲೇ ನಿಮ್ಮ 'ಯಾಕೆ' ಎಂಬ ಪ್ರಶ್ನೆಗೆ ಉತ್ತರ ಇದೆ. ಸರಣಿಯಲ್ಲಿ ಟ್ರೆಲಾನಿಯ ಕೆಲಸ ಭವಿಷ್ಯ ತಿಳಿಸುವುದಲ್ಲ. ಆಕೆಯ ಮಾತು ಯಾರ ಕಿವಿಗೆ ಬಿತ್ತು, ಎಷ್ಟು ಬಿತ್ತು, ಕೇಳಿದವರು ಏನು ಮಾಡಿದರು, ಕಥೆ ಇರುವುದೆಲ್ಲ ಅದರಲ್ಲಿ. ಹ್ಯಾರಿ ಹುಟ್ಟುವ ಮೊದಲು, ಟ್ರೆಲಾನಿಯ ಕೆಲಸದ ಸಂದರ್ಶನದ ದಿನ ಹೋಟೆಲಿನ ಬಾಗಿಲ ಹೊರಗೆ, ಆಗ ವೊಲ್ಡೆಮಾರ್ಟ್ ಕಡೆಯವನಾಗಿದ್ದ ಸ್ನೇಪ್ ಕಿವಿಯಿಟ್ಟು ನಿಂತಿದ್ದ. ಮೊದಲರ್ಧ ಕೇಳುವಷ್ಟರಲ್ಲಿ ಸಿಕ್ಕಿಬಿದ್ದ. ಮಗುವಿನ ಮೇಲೆ ಕೈ ಮಾಡಿದರೆ ಅದಕ್ಕೆ ತನ್ನದೇ ಬಲ ಹೋಗುತ್ತದೆ ಎಂಬ ಎಚ್ಚರಿಕೆ ಇದ್ದದ್ದು ಎರಡನೇ ಅರ್ಧದಲ್ಲಿ. ತಾನು ಕೇಳಿದ ಮೊದಲರ್ಧವನ್ನೇ ಸ್ನೇಪ್ ದೊರೆಗೆ ಒಪ್ಪಿಸಿದ. ಅದರಿಂದ ಅವನು ಪ್ರೀತಿಸಿದ ಲಿಲಿಯೇ, ಹ್ಯಾರಿಯ ಅಮ್ಮನೇ, ಸತ್ತಳು. ಅವನ ಮುಂದಿನ ಬದುಕೆಲ್ಲ ಆ ತಪ್ಪಿಗೆ ದಂಡ ತೆರುವುದರಲ್ಲೇ ಕಳೆಯಿತು. ಐದನೇ ಪುಸ್ತಕ ಪೂರ್ತಿ, ಉಳಿದರ್ಧ ಕೇಳಿಸಿಕೊಳ್ಳಬೇಕು ಎಂಬ ವೊಲ್ಡೆಮಾರ್ಟ್‌ನ ಹಟದ ಕಥೆ. ಸಿರಿಯಸ್ ಸಾಯುವುದು ಅದಕ್ಕೇ. ಕೊನೆಗೆ ಗೋಳ ಒಡೆದು ಹೋಗುತ್ತದೆ, ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ. ಬಾಗಿಲ ಹೊರಗಿದ್ದವನು ಸ್ನೇಪ್ ಎಂದು ಹ್ಯಾರಿಗೆ ತಿಳಿಯುವುದು ಆರನೇ ಪುಸ್ತಕದಲ್ಲಿ. ಟ್ರೆಲಾನಿಯೇ ಮಾತಿನ ಭರದಲ್ಲಿ ಬಾಯಿಬಿಡುತ್ತಾಳೆ, ಅದರ ತೂಕ ತಿಳಿಯದೆ.

ನಗೆಪಾಟಲಿನ ಟೀಚರೇ ಯಾಕೆ ಬೇಕಿತ್ತು? ನಿಜವನ್ನು ಓದುಗರ ಕಣ್ಣೆದುರೇ ಇಟ್ಟು, ಅವರು ನೋಡದ ಹಾಗೆ ಮಾಡಬೇಕಿತ್ತು. ಗಂಭೀರವಾದ ಋಷಿಯೊಬ್ಬ ನಡುಚಳಿಗಾಲ ಅಂದಿದ್ದರೆ ನಾವು ಅಲ್ಲೇ ಕಿವಿ ನಿಮಿರಿಸುತ್ತಿದ್ದೆವು.

ಐದನೇ ಪುಸ್ತಕದ ಇನ್ನೊಂದು ದೃಶ್ಯ ಬಿಡಲಾರೆ. ಸರ್ಕಾರ ಕಳಿಸಿದ ಅಧಿಕಾರಿ ಅಂಬ್ರಿಜ್ ಟ್ರೆಲಾನಿಯನ್ನು ಕೆಲಸದಿಂದ ತೆಗೆದು, ಟ್ರಂಕಿನ ಸಮೇತ ಎಲ್ಲ ಮಕ್ಕಳ ಮುಂದೆ ಶಾಲೆಯ ಮುಂಬಾಗಿಲ ಹಜಾರದಲ್ಲಿ ನಿಲ್ಲಿಸುತ್ತಾಳೆ. ಇದು ನನ್ನ ಮನೆ ಎಂದು ಟ್ರೆಲಾನಿ ಅಳುತ್ತಾಳೆ. ಓಡಿ ಬಂದು ಬೆನ್ನು ಸವರಿ ಕರವಸ್ತ್ರ ಕೊಡುವವರು ಮೆಕ್‌ಗೊನಗಲ್, ಆಕೆಯ ವಿದ್ಯೆಯನ್ನು ಕಿಂಚಿತ್ತೂ ನಂಬದವರು. ಡಂಬಲ್‌ಡೋರ್ ಆಕೆಯನ್ನು ಶಾಲೆಯಲ್ಲೇ ಉಳಿಸಿಕೊಳ್ಳುತ್ತಾರೆ. ಹೊರಗೆ ಹೋದರೆ ಜೀವಕ್ಕೆ ಅಪಾಯ ಎಂಬ ನಿಜ ಆಕೆಗೆ ತಿಳಿಯದ ಹಾಗೆಯೂ ನೋಡಿಕೊಳ್ಳುತ್ತಾರೆ. ಮೂರು ಪುಸ್ತಕದಿಂದ ನಕ್ಕಿದ್ದ ನನಗೆ ಆ ಪುಟದಲ್ಲಿ ನಾಚಿಕೆ ಆಯಿತು. ಆಮೇಲೆ ಕದ್ದು ಬಚ್ಚಿಡುವ ಶೆರಿ ಬಾಟಲಿಗಳು ಬರುತ್ತವೆ, ಆ ಒಂಟಿತನ ಬರುತ್ತದೆ. ಕೊನೆಯ ಯುದ್ಧದಲ್ಲಿ ಮೇಲಿನಿಂದ ಗಾಜಿನ ಗೋಳ ಎಸೆದು ಶತ್ರುವಿನ ತಲೆ ಒಡೆಯುತ್ತಾಳೆ. ಅವನು ಸ್ವಲ್ಪ ಮುಂಚೆ ಹಲ್ಲೆ ಮಾಡಿದ್ದು ಆ ಲ್ಯಾವೆಂಡರ್ ಮೇಲೆ, ಆಕೆಯ ಮೆಚ್ಚಿನ ಶಿಷ್ಯೆಯ ಮೇಲೆ.

ಇನ್ನು ನಿಮ್ಮ ಅಜ್ಜಿ. ನಿಮಗೆ ಕೆಲವು ದಾರಿಗಳಿವೆ, ಎಲ್ಲಕ್ಕೂ ಅದರದೇ ಅಪಾಯ ಇದೆ.

ಅಜ್ಜಿ ಹೇಳಿದ್ದೆಲ್ಲ ನಿಜ ಆಗುವ ಹಾಗೆ ಬರೆಯಬಹುದು. ಈಗ ನೀವು ಇರುವುದು ಅಲ್ಲೇ. ಆಗ ಹುಡುಗ ಸೋಲಲಾರ ಎಂದು ಓದುಗರಿಗೆ ಗೊತ್ತಿರುತ್ತದೆ, ಅವನ ಗಾಯಕ್ಕೆ ಯಾರೂ ಹೆದರುವುದಿಲ್ಲ. ಈ ದಾರಿಯಲ್ಲೇ ಹೋಗಬೇಕೆಂದರೆ 'ಉಳಿಸುವವನು' ಎಂಬ ಮಾತಿಗೆ ಬೆಲೆ ಏನು ಎಂಬುದನ್ನು ಮುಚ್ಚಿಡಿ. ಕೋಟೆ ಉಳಿಯಲಿ, ಅದಕ್ಕೆ ಏನು ಕಳೆದುಕೊಳ್ಳಬೇಕು ಅನ್ನುವುದು ಕೊನೆಯ ತನಕ ತಿಳಿಯದಿರಲಿ. ಅಜ್ಜಿಯನ್ನು ಪೂರ್ತಿ ಸುಳ್ಳುಗಾತಿ ಮಾಡಿದರೆ ಎರಡನೇ ಅಧ್ಯಾಯಕ್ಕೇ ಅವಳು ಹಳಸುತ್ತಾಳೆ. ಮೂರು ಭಾಗ ಎಳೆಯಲು ಆಗದು. ಜೊತೆಗೆ ನಮ್ಮ ಕಡೆ ಕಣಿ ಹೇಳುವುದು ಎಷ್ಟೋ ಬಡ ಹೆಂಗಸರ ಹೊಟ್ಟೆಪಾಡು. ಅವಳನ್ನು ಬರೀ ನಗುವುದಕ್ಕೆ ಇಟ್ಟರೆ ನೋವಾಗುತ್ತದೆ.

ಟ್ರೆಲಾನಿಯ ದಾರಿ, ಅಂದರೆ ಜಾಸ್ತಿ ಸುಳ್ಳು ಅಪರೂಪಕ್ಕೆ ನಿಜ, ನೋಡಲು ಸುಲಭ, ಮಾಡಲು ಕಷ್ಟ. ನಿಜ ಯಾವುದು ಎಂದು ಆಮೇಲೆ ನಿಮಗೆ ಬೇಕಾದ ಹಾಗೆ ತೀರ್ಮಾನಿಸಿದರೆ ಓದುಗರಿಗೆ ಮೋಸ ಅನ್ನಿಸುತ್ತದೆ. ನಿಜ ನುಡಿಯುವಾಗ ಒಂದು ಗುರುತು ಬೇಕೇ ಬೇಕು. ದನಿ ಬದಲಾಗಬಹುದು, ಮರೆವು ಬರಬಹುದು, ಏನಾದರೂ ಸರಿ. ಅದನ್ನು ಒಮ್ಮೆ ಇಟ್ಟ ಮೇಲೆ ಮುರಿಯಬೇಡಿ. ಮತ್ತೆ ಜಿಪುಣರಾಗಿ. ಅಲ್ಲಿ ಏಳು ಪುಸ್ತಕಕ್ಕೆ ಎರಡೇ ನಿಜ. ನಿಮ್ಮ ಮೂರು ಭಾಗಕ್ಕೆ ಒಂದು ಸಾಕು. ಇನ್ನೊಂದು ದಾರಿ, ನಿಜವೋ ಸುಳ್ಳೋ ಎಂದು ಕೊನೆಯವರೆಗೂ ತೂಗಾಡಿಸುವುದು. ದೊಡ್ಡವರ ಕಾದಂಬರಿಗೆ ಒಪ್ಪೀತು. ಮಕ್ಕಳು ಮಾತ್ರ ಪುಸ್ತಕ ಮುಚ್ಚಿದ ಮೇಲೆ ನೇರವಾಗಿ ಕೇಳುತ್ತಾರೆ, "ಅಜ್ಜಿಗೆ ಗೊತ್ತಿತ್ತಾ ಇಲ್ವಾ?" ಆಗ ನಿಮ್ಮ ಹತ್ತಿರ ಉತ್ತರ ಇರಬೇಕು.

ನಾನಾಗಿದ್ದರೆ ಮೂರನೆಯದನ್ನೇ ಹಿಡಿಯುತ್ತಿದ್ದೆ, ಒಂದು ಬದಲಾವಣೆ ಮಾಡಿಕೊಂಡು. ಮೊದಲ ಅಧ್ಯಾಯದಲ್ಲಿ ಅಜ್ಜಿ ಹುಡುಗನಿಗೆ ನೇರವಾಗಿ ಹೇಳುವುದನ್ನು ತೆಗೆದುಬಿಡಿ. ಅವಳು ಆ ಮಾತನ್ನು ಇನ್ಯಾರಿಗೋ ಹೇಳಲಿ, ಜ್ವರದಲ್ಲೋ ನಿದ್ದೆಗಣ್ಣಲ್ಲೋ. ಕೋಟೆಯನ್ನು ಕಬಳಿಸಲು ನೋಡುತ್ತಿರುವವನ ಕಡೆಯ ಒಬ್ಬ ಆಳು ಹಿತ್ತಿಲ ಬಾಗಿಲಲ್ಲಿ ನಿಂತು ಅರ್ಧ ಕೇಳಿಸಿಕೊಳ್ಳಲಿ. ಹುಡುಗನಿಗೆ ಏನೂ ಗೊತ್ತಿಲ್ಲದೆ, ಇದ್ದಕ್ಕಿದ್ದ ಹಾಗೆ ದೊಡ್ಡವರು ಯಾರೋ ತನ್ನನ್ನು ಹುಡುಕುತ್ತಿದ್ದಾರೆ ಎಂಬಲ್ಲಿಂದ ಕಥೆ ಶುರುವಾಗಲಿ. ಉಳಿದರ್ಧವನ್ನು ಎರಡನೇ ಭಾಗದ ಕೊನೆಗೆ ಇಟ್ಟುಕೊಳ್ಳಿ. ಅಜ್ಜಿಗೆ ಒಂದು ಗುಡಿಸಲು, ಒಂದು ಬಾಕಿ ಸಾಲ, ಮಾತು ಬಿಟ್ಟ ಒಬ್ಬ ಮಗ, ಹೀಗೆ ಅವಳದೇ ಆದ ಏನಾದರೂ ಕೊಡಿ. ಆ ಹಿತ್ತಿಲ ಬಾಗಿಲ ದೃಶ್ಯವನ್ನು ಮೊದಲು ಬರೆದು, ಮಗಳಿಗೆ ಗಟ್ಟಿಯಾಗಿ ಓದಿ ಹೇಳಿ. ಮುಂದೇನು ಅಂತ ಅವಳು ಕೇಳಿದರೆ ಎರಡನೇ ಅಧ್ಯಾಯಕ್ಕೆ ಹೋಗಿ.